‘ರೀಚ್ ಔಟ್’ ಎಂದು ಅರ್ಜಿಯಲ್ಲಿ ಬರೆಯಬಹುದೇ?

ಬಿಟಿಎಂ ಬಡಾವಣೆ, ಜೆ.ಪಿ. ನಗರದ ಕಚೇರಿಗಳಲ್ಲಿ ‘ರೀಚ್ ಔಟ್’, ‘ಲೂಪ್ ಇನ್’, ‘ಸರ್ಕಲ್ ಬ್ಯಾಕ್’ ಎಂಬ ಇಂಗ್ಲಿಷ್ ಕ್ರಿಯಾಪದಗುಚ್ಛಗಳು ದಿನನಿತ್ಯದ ಮಾತಾಗಿವೆ. ಮಾತಿನಲ್ಲಿ ಇವಕ್ಕೆ ಆಕ್ಷೇಪವಿಲ್ಲ. ಅರ್ಜಿ, ನೋಟಿಸು, ಕರಾರುಪತ್ರಗಳಲ್ಲಿ ಕಾಣಿಸಿಕೊಂಡಾಗ ಪ್ರಶ್ನೆ ಏಳುತ್ತದೆ.

ಕ್ರಿಯಾಪದಕ್ಕೆ ಪುಟ್ಟ ಅವ್ಯಯ ಸೇರಿ ಬೇರೆಯೇ ಅರ್ಥ ಕೊಡುವ ಈ ರಚನೆ ಹೊಸತಲ್ಲ. ಇದು ಪರಭಾಷಿಕರಿಗೆ ಬಹು ಕಷ್ಟವೆಂದು ಸ್ಯಾಮ್ಯುಯೆಲ್ ಜಾನ್ಸನ್ 1755ರ ತಮ್ಮ ನಿಘಂಟಿನ ಮುನ್ನುಡಿಯಲ್ಲೇ ಗುರುತಿಸಿದ್ದರು. ‘ಕ್ಯಾರಿ ಔಟ್’ನಂಥ ಹಳಬರನ್ನು ಕಾಯಿದೆಗಳೂ ಬಳಸುತ್ತವೆ.

ತೊಡಕಿರುವುದು ಅರ್ಥ ಇನ್ನೂ ನೆಲೆಗೊಳ್ಳದ ಹೊಸಬರಲ್ಲಿ. ‘ರೀಚ್ ಔಟ್’ ಎಂದರೆ ಪತ್ರ ಬರೆಯುವುದೋ, ದೂರವಾಣಿ ಕರೆಯೋ, ನೆರವು ಕೇಳುವುದೋ, ನೀಡುವುದೋ? ‘ಗಡುವಿನೊಳಗೆ ರೀಚ್ ಔಟ್ ಮಾಡಿ’ ಎಂಬ ನೋಟಿಸು ವ್ಯಾಜ್ಯಕ್ಕೆ ತಿರುಗಿದರೆ ಈ ಅಸ್ಪಷ್ಟತೆಗೆ ಬೆಲೆ ತೆರಬೇಕಾದೀತು. ‘ಪಾಸ್ ಔಟ್’ನ ಕಥೆ ಇನ್ನೊಂದು ಬಗೆಯದು. ಪದವಿ ಮುಗಿಸಿದ ಅರ್ಥದಲ್ಲಿ ಇಲ್ಲಿನ ಯುವಕ ಬರೆದದ್ದನ್ನು ಅಮೆರಿಕದ ಓದುಗ ಮೂರ್ಛೆ ಹೋದನೆಂದು ತಿಳಿದಾನು. ಅಂಥಲ್ಲಿ ‘ಗ್ರ್ಯಾಜುಯೇಟೆಡ್’ ಎನ್ನುವುದೇ ಕ್ಷೇಮ.

ಕನ್ನಡಿಗರಿಗೆ ಈ ವಿವೇಚನೆ ಅಪರಿಚಿತವೇನಲ್ಲ. ಜಯನಗರದಲ್ಲಿ ನೆಲೆಸಿದ್ದ ನಿಘಂಟುಕಾರ ಜಿ. ವೆಂಕಟಸುಬ್ಬಯ್ಯ (1913–2021) ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಪದಸಂದೇಹಗಳನ್ನು ವರ್ಷಗಟ್ಟಲೆ ಬಗೆಹರಿಸಿದರು. ‘ಪಾಲುದಾರ ಕೈಕೊಟ್ಟ’ ಎಂದು ಬೀದಿಯಲ್ಲಿ ಹೇಳುವವರೂ ನ್ಯಾಯಾಲಯದ ಅರ್ಜಿಯಲ್ಲಿ ‘ವಂಚಿಸಿದ್ದಾರೆ’ ಎಂದೇ ಬರೆಸುತ್ತಾರೆ. ಅದೇ ‘ಕೈ’ಯಿಂದ ಹುಟ್ಟಿದ ‘ಕೈಗೊಳ್ಳು’ ಮಾತ್ರ ಯಾವ ಮುಜುಗರವೂ ಇಲ್ಲದೆ ಸರ್ಕಾರಿ ಆದೇಶಗಳೊಳಗೆ ಬಂದು ಕುಳಿತಿದೆ: ‘ಅಗತ್ಯ ಕ್ರಮ ಕೈಗೊಳ್ಳುವುದು’.