ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳಲ್ಲಿ ಗ್ರಾಮೀಣ ಸಾಲ

ಆಳಂದ, ಅಫಜಲಪುರ ಮತ್ತು ಜೇವರ್ಗಿ ಕರ್ನಾಟಕದ ಕಲಬುರಗಿ ಜಿಲ್ಲೆಯ ತಾಲ್ಲೂಕುಗಳು. ಇಲ್ಲಿನ ಬಹುಪಾಲು ಕುಟುಂಬಗಳಿಗೆ ಮಳೆಯನ್ನು ನಂಬಿದ ಬೇಸಾಯವೇ ಜೀವನಾಧಾರ. ಆದುದರಿಂದ ಬಿತ್ತನೆಯ ಕಾಲದಲ್ಲಿ ಸಾಲ ಪಡೆದು ಸುಗ್ಗಿಯ ನಂತರ ತೀರಿಸುವುದು ಹಳೆಯ ವಾಡಿಕೆ. ಸಾಲದ ಮೂಲ, ಬಡ್ಡಿಯ ದರ ಹಾಗೂ ಕಂತಿನ ಕಾಲ ಕುಟುಂಬದ ಆದಾಯಕ್ಕೆ ಹೊಂದಿಕೊಂಡರೆ ಸಾಲ ನೆರವಾಗುತ್ತದೆ. ಹೊಂದದಿದ್ದರೆ ಒಂದು ಸಾಲ ತೀರಿಸಲು ಮತ್ತೊಂದು ಸಾಲ ಮಾಡಬೇಕಾಗುತ್ತದೆ.

ಹಿನ್ನೆಲೆ

ಈ ಪ್ರದೇಶವು 1948ರವರೆಗೆ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿದ್ದು, 1956ರಲ್ಲಿ ಆಗಿನ ಮೈಸೂರು ರಾಜ್ಯಕ್ಕೆ ಸೇರಿತು. ಭಾರತೀಯ ರಿಸರ್ವ್ ಬ್ಯಾಂಕ್ 1951–52ರಲ್ಲಿ ನಡೆಸಿದ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ಪ್ರಕಾರ, ದೇಶದ ರೈತರ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಸುಮಾರು ಶೇ. 3 ಮಾತ್ರವಿತ್ತು. ಲೇವಾದೇವಿದಾರರ ಪಾಲು ಸುಮಾರು ಶೇ. 70ರಷ್ಟಿತ್ತು. ಸಾಲಕ್ಕೆ ಪ್ರತಿಯಾಗಿ ದುಡಿಸಿಕೊಳ್ಳುವ ಜೀತವನ್ನು 1976ರ ಕೇಂದ್ರ ಕಾಯ್ದೆ ರದ್ದುಪಡಿಸಿತು. ಕಲಬುರಗಿಯನ್ನು ಕೇಂದ್ರವಾಗಿಸಿಕೊಂಡಿದ್ದ ಕೃಷ್ಣಾ ಗ್ರಾಮೀಣ ಬ್ಯಾಂಕ್ 2013ರಲ್ಲಿ ಪ್ರಗತಿ ಗ್ರಾಮೀಣ ಬ್ಯಾಂಕಿನೊಡನೆ ವಿಲೀನವಾಯಿತು.

ಆದಾಯ ಮತ್ತು ಕಂತಿನ ಕಾಲ

ತೊಗರಿ ಈ ಭಾಗದ ಮುಖ್ಯ ಬೆಳೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಜೂನ್–ಜುಲೈನಲ್ಲಿ ಬಿತ್ತಿದ ತೊಗರಿ ಡಿಸೆಂಬರ್–ಜನವರಿಯಲ್ಲಿ ಕೊಯ್ಲಿಗೆ ಬರುತ್ತದೆ. ಅಲ್ಲಿಯವರೆಗೆ ಖರ್ಚಷ್ಟೇ ಇರುತ್ತದೆ. ಮಳೆ ಕೈಕೊಟ್ಟರೆ ಅಥವಾ ನೆಟೆ ರೋಗ ತಗುಲಿದರೆ ಇಡೀ ವರ್ಷದ ಲೆಕ್ಕ ತಪ್ಪುತ್ತದೆ. ಕಬ್ಬು ಬೆಳೆಯುವವರಿಗೆ ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಸಲ್ಲಬೇಕೆಂಬ ನಿಯಮವಿದ್ದು, ಅದು ತಡವಾದಾಗ ಸಾಲದ ಕಂತೂ ತಡವಾಗುತ್ತದೆ.

ಕಿರುಸಾಲ ಸಂಸ್ಥೆಗಳ ಕಂತುಗಳು ಸಾಮಾನ್ಯವಾಗಿ ವಾರಕ್ಕೊಮ್ಮೆ ಇಲ್ಲವೆ ತಿಂಗಳಿಗೊಮ್ಮೆ ಬರುತ್ತವೆ. ಹೈನುಗಾರಿಕೆ, ಕಿರಾಣಿ ಅಂಗಡಿ ಅಥವಾ ನಿತ್ಯದ ಕೂಲಿ ಇರುವ ಮನೆಗೆ ಇಂತಹ ಕಂತು ಹೊಂದುತ್ತದೆ. ವರ್ಷಕ್ಕೊಮ್ಮೆ ಹಣ ಕಾಣುವ ತೊಗರಿ ಬೆಳೆಗಾರನಿಗೆ ಸುಗ್ಗಿಯ ನಂತರ ಮರುಪಾವತಿಸುವ ಬೆಳೆಸಾಲವೇ ಸೂಕ್ತ.

ಬಡ್ಡಿಯ ಲೆಕ್ಕ

ಕೈಸಾಲದ ಬಡ್ಡಿಯನ್ನು ತಿಂಗಳ ಲೆಕ್ಕದಲ್ಲಿ ಹೇಳುವುದು ರೂಢಿ. 'ನೂರಕ್ಕೆ ಮೂರು ರೂಪಾಯಿ' ಎಂದರೆ ವರ್ಷಕ್ಕೆ ಶೇ. 36. ಈ ದರದಲ್ಲಿ 50,000 ರೂಪಾಯಿ ಸಾಲಕ್ಕೆ ವರ್ಷಕ್ಕೆ 18,000 ರೂಪಾಯಿ ಬಡ್ಡಿಯಾಗುತ್ತದೆ; ಅಸಲು ಹಾಗೆಯೇ ಉಳಿಯುತ್ತದೆ. 1998ರಲ್ಲಿ ಆರಂಭವಾದ ಕಿಸಾನ್ ಕ್ರೆಡಿಟ್ ಕಾರ್ಡ್ ಯೋಜನೆಯಡಿ ಸಕಾಲದಲ್ಲಿ ಮರುಪಾವತಿಸಿದವರಿಗೆ ಬಡ್ಡಿ ಸಹಾಯಧನ ಕಳೆದು ಶೇ. 4ರ ದರ ಬೀಳುತ್ತದೆ. ಅಷ್ಟೇ ಮೊತ್ತಕ್ಕೆ ಆಗುವ ಬಡ್ಡಿ 2,000 ರೂಪಾಯಿ. ಸಹಕಾರ ಸಂಘಗಳ ಬಡ್ಡಿರಹಿತ ಅಲ್ಪಾವಧಿ ಬೆಳೆಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023ರ ಆಯವ್ಯಯದಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿತು. ಗಡುವು ಮೀರಿದರೆ ಈ ರಿಯಾಯಿತಿಗಳು ಕೈತಪ್ಪುತ್ತವೆ.

ಕಂತಿನ ಸಾಲದಲ್ಲಿ ಇನ್ನೊಂದು ವ್ಯತ್ಯಾಸವಿದೆ. ಅಸಲು ಕರಗುತ್ತ ಬಂದರೂ ಮೊದಲಿನ ಪೂರ್ಣ ಮೊತ್ತಕ್ಕೇ ಬಡ್ಡಿ ಹಾಕಿದರೆ, 12 ಮಾಸಿಕ ಕಂತುಗಳ ಸಾಲದಲ್ಲಿ 'ಶೇ. 12' ಎಂದು ಹೇಳಿದ ದರ ವಾಸ್ತವದಲ್ಲಿ ಸುಮಾರು ಶೇ. 21.5 ಆಗುತ್ತದೆ.

ಸಾಲಗಾರರ ಹಕ್ಕುಗಳು

ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನಗಳ ಪ್ರಕಾರ, ವಾರ್ಷಿಕ ಆದಾಯ 3 ಲಕ್ಷ ರೂಪಾಯಿವರೆಗಿನ ಕುಟುಂಬಗಳಿಗೆ ಅಡಮಾನವಿಲ್ಲದೆ ಕೊಡುವ ಸಾಲವೇ ಕಿರುಸಾಲ. ಎಲ್ಲ ಸಾಲಗಳ ಕಂತು ಸೇರಿ ಕುಟುಂಬದ ಮಾಸಿಕ ಆದಾಯದ ಅರ್ಧವನ್ನು ಮೀರಬಾರದು. ಸಾಲದ ವಿವರಪತ್ರ ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿರಬೇಕು. ವಸೂಲಿಗಾಗಿ ಬೆಳಗ್ಗೆ 9ಕ್ಕೆ ಮೊದಲು ಮತ್ತು ಸಂಜೆ 6ರ ನಂತರ ಕರೆ ಮಾಡುವಂತಿಲ್ಲ.

ವಸೂಲಿ ಕಿರುಕುಳವನ್ನು ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಸೆರೆವಾಸ ಹಾಗೂ 5 ಲಕ್ಷ ರೂಪಾಯಿವರೆಗೆ ದಂಡಕ್ಕೆ ಅದರಲ್ಲಿ ಅವಕಾಶವಿತ್ತು.

ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಂತೆ, ನ್ಯಾಯಾಲಯದ ಡಿಕ್ರಿ ಇದ್ದರೂ ಅಡುಗೆ ಪಾತ್ರೆ, ಹಾಸಿಗೆ ಮತ್ತು ಧಾರ್ಮಿಕ ಸಂಪ್ರದಾಯದಂತೆ ಹೆಂಗಸರು ತೆಗೆಯಬಾರದ ಒಡವೆಗಳನ್ನು ಜಪ್ತಿ ಮಾಡುವಂತಿಲ್ಲ. ರೈತನ ಜೀವನೋಪಾಯಕ್ಕೆ ಅಗತ್ಯವೆಂದು ನ್ಯಾಯಾಲಯ ಭಾವಿಸುವ ಬೇಸಾಯದ ಸಲಕರಣೆ, ದನ ಮತ್ತು ಬಿತ್ತನೆ ಬೀಜಕ್ಕೂ ಇದೇ ರಕ್ಷಣೆಯಿದೆ.

ಸಾಲ ಮಿತಿಮೀರಿದಾಗ

ಮೊದಲ ಹೆಜ್ಜೆ ಎಲ್ಲ ಸಾಲಗಳ ಅಸಲು, ವಾರ್ಷಿಕ ಬಡ್ಡಿ ಮತ್ತು ಗಡುವನ್ನು ಒಂದೆಡೆ ಬರೆದಿಡುವುದು. ಗಡುವಿನ ರಿಯಾಯಿತಿ ಇರುವ ಬೆಳೆಸಾಲವನ್ನು ತಪ್ಪದೆ ಕಟ್ಟಿ, ಉಳಿದ ಹಣವನ್ನು ಅತಿ ಹೆಚ್ಚು ಬಡ್ಡಿಯ ಸಾಲಕ್ಕೆ ಸಲ್ಲಿಸಿದರೆ ಒಟ್ಟು ಹೊರೆ ಬೇಗ ಇಳಿಯುತ್ತದೆ. ಪ್ರತಿ ಪಾವತಿಗೂ ರಸೀದಿ ಪಡೆಯುವುದು ಮುಂದಿನ ತಕರಾರಿಗೆ ಆಧಾರ. ಬೆಳೆ ಹಾನಿಯಾದ ವರ್ಷ ಗಡುವಿಗೆ ಮೊದಲೇ ಬ್ಯಾಂಕಿಗೆ ಲಿಖಿತ ಮನವಿ ಕೊಟ್ಟು ಮರುಪಾವತಿಯ ಅವಧಿ ವಿಸ್ತರಣೆ ಕೇಳಬಹುದು.

ಬ್ಯಾಂಕ್ 30 ದಿನಗಳಲ್ಲಿ ದೂರಿಗೆ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಮಾಹಿತಿಗೆ ಸಹಾಯವಾಣಿ 14448. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಉಚಿತ ವಕೀಲರ ನೆರವು ಸಿಗುತ್ತದೆ. ಸಾಲದ ಚಿಂತೆಯಿಂದ ಕುಗ್ಗಿದವರಿಗೆ ಟೆಲಿ-ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತವಾಗಿ ಲಭ್ಯವಿದೆ.