ಆಸ್ತಿ ದಾಖಲೆಯ ಎಪಿಐ: ಬ್ಯಾಂಕಿಗೆ ಬಾಗಿಲು, ಕೊಳ್ಳುವವರಿಗೆ ಕಿಟಕಿ

ಕರ್ನಾಟಕದಲ್ಲಿ ಒಂದು ಸೈಟು ಕೊಳ್ಳೋಕೆ ಹೊರಟವರು ಎಷ್ಟು ಕಡೆ ತಡಕಾಡಬೇಕು ನೋಡಿ. ಪಹಣಿ, ಮ್ಯುಟೇಷನ್‌ಗೆ ಕಂದಾಯ ಇಲಾಖೆಯ 'ಭೂಮಿ'. ಸರ್ವೆ ನಕ್ಷೆಗೆ 'ಮೋಜಿಣಿ'. ನೋಂದಣಿ ಮತ್ತು ಇಸಿಗೆ 'ಕಾವೇರಿ'. ಖಾತೆ ನಗರದ್ದಾದರೆ 'ಇ-ಆಸ್ತಿ', ಪಂಚಾಯಿತಿಯದ್ದಾದರೆ 'ಇ-ಸ್ವತ್ತು'. ಅಪಾರ್ಟ್‌ಮೆಂಟ್ ಆದರೆ ರೇರಾ ತಾಣವೂ ಸೇರಿತು. ಜಾಗ ಒಂದೇ, ಅದಕ್ಕೆ ಪ್ರತಿ ಕಚೇರಿಯೂ ಕೊಟ್ಟ ನಂಬರ್ ಬೇರೆ ಬೇರೆ.

ಇವನ್ನೆಲ್ಲ ಜೋಡಿಸುವ ತಂತ್ರವೇ ಎಪಿಐ. ಒಂದು ತಂತ್ರಾಂಶ ಇನ್ನೊಂದು ತಂತ್ರಾಂಶವನ್ನು ಇಂಥದ್ದೇ ರೀತಿಯಲ್ಲಿ ಪ್ರಶ್ನೆ ಕೇಳಿ ಉತ್ತರ ಪಡೆಯುವ ಏರ್ಪಾಡು ಅದು. ವೆಬ್‌ಸೈಟ್ ಇರೋದು ಮನುಷ್ಯರು ಓದೋಕೆ, ಎಪಿಐ ಇರೋದು ಯಂತ್ರ ಓದೋಕೆ. ರಾಜ್ಯದ 'ಕೆ-ಜಿಐಎಸ್' ಇದಕ್ಕೆ ಒಳ್ಳೆಯ ಉದಾಹರಣೆ: ಹಳ್ಳಿಯ ಕೋಡ್ ಮತ್ತು ಸರ್ವೆ ನಂಬರ್ ಕಳಿಸಿದರೆ ಆ ಜಮೀನಿನ ಗಡಿ ಅಕ್ಷಾಂಶ-ರೇಖಾಂಶಗಳಲ್ಲಿ ಬರುತ್ತದೆ. ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುವ 'ದಿಶಾಂಕ್' ಆ್ಯಪ್‌ನ ಹಿಂದಿರುವುದೂ ಇದೇ ನಕ್ಷೆ. ಆದರೆ ಗಡಿ ಜಗಳದಲ್ಲಿ ಅದು ನಡೆಯಲ್ಲ. ಅದಕ್ಕೆ ಸರ್ವೇಯರ್ ಬಂದು ಅಳೆಯಲೇಬೇಕು.

ಸರ್ಕಾರದ ಒಳಗೆ ಈ ಜೋಡಣೆ ಸಾಕಷ್ಟು ಆಗಿದೆ. ಬ್ಯಾಂಕು ಬೆಳೆ ಸಾಲ ಕೊಟ್ಟರೆ ಆ ಋಣ ಆನ್‌ಲೈನ್‌ನಲ್ಲೇ ಪಹಣಿಯ 11ನೇ ಕಾಲಂಗೆ ಬಂದು ಕೂರುತ್ತದೆ. ಕೃಷಿ ಜಮೀನು ನೋಂದಣಿ ಆದರೆ ಕಾವೇರಿಯಿಂದ ಭೂಮಿಗೆ ಮಾಹಿತಿ ಹೋಗಿ ಮ್ಯುಟೇಷನ್ ಶುರುವಾಗುತ್ತದೆ. 2024ರಲ್ಲಿ ನೋಂದಣಿಗೆ ಇ-ಖಾತಾ ಕಡ್ಡಾಯ ಮಾಡಲು ಸಾಧ್ಯವಾಗಿದ್ದೂ ಈ ಜೋಡಣೆಯಿಂದಲೇ.

ಹಾಗಾದರೆ ಜೀವಮಾನದ ಉಳಿತಾಯ ಹಾಕಿ ಕೊಳ್ಳುವವರಿಗೆ ಏನಿದೆ? ಲಾಗಿನ್ ಆಗಿ, ಕ್ಯಾಪ್ಚಾ ತುಂಬಿ, ಒಂದೊಂದೇ ಆಸ್ತಿ ಹುಡುಕೋದು. 1908ರ ನೋಂದಣಿ ಕಾಯ್ದೆಯ 57ನೇ ಕಲಂ ಪ್ರಕಾರ ಸ್ಥಿರಾಸ್ತಿ ನೋಂದಣಿಯ 1ನೇ ಪುಸ್ತಕ ಮತ್ತದರ ಸೂಚಿಯನ್ನು ಶುಲ್ಕ ಕಟ್ಟಿದ ಯಾರು ಬೇಕಾದರೂ ನೋಡಬಹುದು. ಕಾನೂನು ನೂರು ವರ್ಷಕ್ಕೂ ಹಿಂದೆಯೇ ತೆರೆದ ದಾಖಲೆಯನ್ನು ತಂತ್ರಾಂಶ ಇನ್ನೂ ಅರೆಬರೆ ತೆರೆದಿದೆ. ಬೇಡಿಕೆ ಮಾತ್ರ ಕಾಯೋದಿಲ್ಲ. ಅಧಿಕೃತ ದಾರಿ ಇಲ್ಲದ ಕಡೆ ಪುಟಗಳನ್ನು ಯಂತ್ರದಿಂದ ಗೋರುವ ಕೆಲಸ ಶುರುವಾಗುತ್ತದೆ. 2025ರ ಜನವರಿಯಲ್ಲಿ ಕಾವೇರಿಯ ಇಸಿ ಹುಡುಕಾಟದ ಮೇಲೆ ಬಾಟ್‌ಗಳಿಂದ ಲಕ್ಷಗಟ್ಟಲೆ ಕೋರಿಕೆ ಸುರಿದು ರಾಜ್ಯದಾದ್ಯಂತ ನೋಂದಣಿ ಕುಂಟಿತು. ಅದು ಗೋರುವಿಕೆಯಲ್ಲ, ದಾಳಿ ಎಂದೇ ಪೊಲೀಸ್ ದೂರು ದಾಖಲಾಯಿತು. ಅಂಥ ಘಟನೆಯ ನಂತರ ಬೀಗ ಬಿಗಿಯಾಗುವುದು ಸಹಜ, ಆದರೆ ನೋಂದಾಯಿತ ಕೀಲಿ, ಗಂಟೆಗಿಷ್ಟೇ ಕೋರಿಕೆ ಎಂಬ ಮಿತಿ ಇರುವ ಎಪಿಐ ಆ ಬೀಗಕ್ಕಿಂತ ಸುರಕ್ಷಿತ ಅನ್ನೋದು ನನ್ನ ಅಭಿಪ್ರಾಯ. ಯಾರು, ಎಷ್ಟು ಕೇಳಿದರು ಅನ್ನೋದಾದರೂ ಗೊತ್ತಿರುತ್ತದೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನ ಭೂ ನೋಂದಣಿ ಸಂಸ್ಥೆ ಏನು ಮಾಡಿದೆ ನೋಡೋಣ. 1995ರಿಂದ ನೋಂದಣಿಯಾದ ಮನೆ ಮಾರಾಟಗಳ ಬೆಲೆ, ವಿಳಾಸ, ದಿನಾಂಕ, ಮನೆಯ ಬಗೆ, ಹೊಸದೋ ಹಳೆಯದೋ ಎಂಬುದನ್ನೆಲ್ಲ ಉಚಿತವಾಗಿ ಇಳಿಸಿಕೊಳ್ಳಬಹುದು. ತಿಂಗಳಿಗೊಮ್ಮೆ ಹೊಸ ಮಾಹಿತಿ ಸೇರುತ್ತದೆ, ಯಂತ್ರವೂ ನೇರವಾಗಿ ಪ್ರಶ್ನೆ ಕೇಳಬಹುದು. ಅದರಲ್ಲಿ ಕೊಂಡವರ, ಮಾರಿದವರ ಹೆಸರಿಲ್ಲ. ಮಾಲೀಕರ ಹೆಸರು ಬೇಕಾದರೆ ಪ್ರತಿ ಆಸ್ತಿಗೂ ಬೇರೆ ಶುಲ್ಕ ಕಟ್ಟಬೇಕು. ಬೆಲೆ ಸಾರ್ವಜನಿಕ, ವ್ಯಕ್ತಿ ಖಾಸಗಿ. ನಮ್ಮಲ್ಲಿ ಬಹುಪಾಲು ತಿರುಗುಮುರುಗು: ಪಹಣಿಯಲ್ಲಿ ರೈತರ ಹೆಸರು ಯಾರಿಗಾದರೂ ಕಾಣುತ್ತದೆ, ಪಕ್ಕದ ಸೈಟು ಎಷ್ಟಕ್ಕೆ ಹೋಯಿತು ಅಂತ ಬ್ರೋಕರ್ ಹೇಳಿದ್ದನ್ನೇ ನಂಬಬೇಕು.

ಒಂದು ತೊಡಕಿದೆ. ಕ್ರಯಪತ್ರದಲ್ಲಿ ಬರೆಯುವ ಬೆಲೆ ಎಷ್ಟೋ ಸಲ ಸರ್ಕಾರದ ಮಾರ್ಗಸೂಚಿ ದರಕ್ಕೇ ಅಂಟಿಕೊಂಡಿರುತ್ತದೆ, ಉಳಿದದ್ದು ನಗದಿನಲ್ಲಿ. ಹಾಗಾಗಿ ನಾಳೆಯೇ ಕಾವೇರಿಯ ಬೆಲೆಗಳೆಲ್ಲ ತೆರೆದರೂ ಸಿಗೋದು ಪೂರ್ತಿ ಸತ್ಯವಲ್ಲ. ಆದರೂ ಹೆಸರು ತೆಗೆದು ಬೆಲೆ, ಅಳತೆ, ದಿನಾಂಕ ಬಿಟ್ಟುಕೊಟ್ಟರೆ ಒಂದೇ ಬೀದಿಯ ಎರಡು ಮಾರಾಟಗಳ ನಡುವಿನ ವಿಚಿತ್ರ ಅಂತರವಾದರೂ ಕಣ್ಣಿಗೆ ಬಿದ್ದೀತು. ಪ್ರತಿ ಜಮೀನಿಗೂ 14 ಅಂಕಿಯ ಗುರುತು ಕೊಡುವ ಭೂ-ಆಧಾರ್ ಪೂರ್ತಿಯಾದರೆ ಭೂಮಿ, ಕಾವೇರಿ, ಖಾತೆಗಳನ್ನು ಒಂದೇ ನಂಬರಿನಲ್ಲಿ ಹುಡುಕುವುದೂ ಸುಲಭ.

ಅಲ್ಲಿಯವರೆಗೆ ಯಾವುದೋ ಆ್ಯಪ್ 'ಟೈಟಲ್ ಕ್ಲಿಯರ್' ಅಂತ ಹಸಿರು ಗುರುತು ತೋರಿಸಿದರೆ ಎರಡು ಪ್ರಶ್ನೆ ಕೇಳಿ: ಮಾಹಿತಿ ಯಾವ ಇಲಾಖೆಯದು, ಯಾವ ದಿನದ್ದು? ಭಾರತದಲ್ಲಿ ನೋಂದಣಿ ಅನ್ನೋದು ವ್ಯವಹಾರ ನಡೆದದ್ದಕ್ಕೆ ದಾಖಲೆ, ಮಾಲೀಕತ್ವಕ್ಕೆ ಸರ್ಕಾರದ ಗ್ಯಾರಂಟಿ ಅಲ್ಲ. ನೋಂದಣಿಯಾಗದ ವಿಲ್, ಅಣ್ಣ-ತಮ್ಮಂದಿರ ಪಾಲಿನ ತಕರಾರು ಇಸಿಯಲ್ಲಿ ಬರೋದಿಲ್ಲ. ಇ-ಕೋರ್ಟ್ಸ್ ತಾಣದಲ್ಲಿ ಕಕ್ಷಿದಾರರ ಹೆಸರಿಂದ ಕೇಸು ಹುಡುಕಬಹುದು, ಸರ್ವೆ ನಂಬರಿಂದ ಆಗಲ್ಲ. ಕಾವೇರಿಯಲ್ಲಿ ಆನ್‌ಲೈನ್ ಇಸಿ ಸಿಗೋದು 2004ರ ಏಪ್ರಿಲ್‌ನಿಂದ ಈಚೆಗೆ ಮಾತ್ರ. ಅದಕ್ಕೂ ಹಿಂದಿನದು ಬೇಕಾದರೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಅರ್ಜಿ ಕೊಟ್ಟು, ಕೈಬರಹದ ಪುಸ್ತಕ ತೆಗೆಸಬೇಕು.