ಸಮವಸರಣದ ವನ ಮತ್ತು ವಿಜ್ಞಾನದ ಅರಣ್ಯ

ಕಾಗಿಣಾ ತೀರದ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟವೆಂಬುದು ಕಲಬುರಗಿ ಸೀಮೆಯ ಶ್ರಾವಕ ಬಂಧುಗಳಿಗೆ ವಿದಿತವೇ. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನಿಗೆ ಗುರುಗಳಾಗಿದ್ದ ಜಿನಸೇನಾಚಾರ್ಯರು 9ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಆದಿಪುರಾಣದಲ್ಲಿ ಸಮವಸರಣದ ವರ್ಣನೆಯಿದೆ. ಅಶೋಕ, ಸಪ್ತಪರ್ಣ, ಚಂಪಕ, ಆಮ್ರ ಎಂಬ ನಾಲ್ಕು ವನಗಳಿಲ್ಲದೆ ಭಗವಂತನ ಸಭೆಗೂ ಪೂರ್ಣತೆಯಿಲ್ಲ. ವೃಷಭನಾಥರಿಗೆ ಕೇವಲಜ್ಞಾನ ಲಭಿಸಿದುದೂ ವಟವೃಕ್ಷದಡಿಯಲ್ಲಿಯೇ.

ವಿಜ್ಞಾನವು ಇಂಥ ಶ್ರದ್ಧೆಯತ್ತ ಹೊರಳಿದ್ದು ತಡವಾಗಿ. 1976ರಲ್ಲಿ ಮಾಧವ ಗಾಡ್ಗೀಳ್ ಮತ್ತು ವಿ. ಡಿ. ವರ್ತಕ್ ಅವರು ಪಶ್ಚಿಮಘಟ್ಟದ ದೇವರಕಾಡುಗಳನ್ನು ಕುರಿತು ಪ್ರಬಂಧ ಪ್ರಕಟಿಸಿದರು. 1986ರಲ್ಲಿ ವಿಶ್ವ ವನ್ಯಜೀವಿ ನಿಧಿಯು ಇಟಲಿಯ ಅಸ್ಸಿಸಿಯಲ್ಲಿ ಧರ್ಮಪ್ರತಿನಿಧಿಗಳನ್ನು ಸೇರಿಸಿತು. ಡಾ. ಎಲ್. ಎಂ. ಸಿಂಘ್ವಿಯವರು ಬರೆದ ನಿಸರ್ಗ ಕುರಿತ ಜೈನ ಘೋಷಣೆಯನ್ನು 1990ರ ಅಕ್ಟೋಬರ್ 23ರಂದು ಲಂಡನ್ನಿನಲ್ಲಿ ಆ ನಿಧಿಯ ಅಧ್ಯಕ್ಷ ರಾಜಕುಮಾರ ಫಿಲಿಪ್ಪರಿಗೆ ಅರ್ಪಿಸಲಾಯಿತು.

ಆದರೂ ಭೇದವೊಂದುಂಟು. ವಿಜ್ಞಾನಿ ಎಣಿಸುವುದು ಜೀವಜಾತಿಗಳನ್ನು. ಶ್ರಾವಕನು ನೆನೆಯುವುದು ಒಂದೊಂದು ಜೀವವನ್ನು. ಅಡವಿಯನ್ನು ಮುತ್ತಿದ ಲಾಂಟಾನವನ್ನು ಕೀಳಿಸುವುದು ಏಕೇಂದ್ರಿಯ ಜೀವಿಗೆ ಹಿಂಸೆಯಲ್ಲವೇ? ಅಣುವ್ರತಿಗೆ ತ್ರಸಜೀವಗಳ ಸಂಕಲ್ಪಹಿಂಸೆ ಸರ್ವಥಾ ವರ್ಜ್ಯ, ಸ್ಥಾವರಗಳಿಗಾದರೆ ನಿಷ್ಪ್ರಯೋಜನವಾದ ಹಿಂಸೆ ವರ್ಜ್ಯ. ಯಾವುದು ಪ್ರಯೋಜನ ಎಂಬಲ್ಲಿಯೇ ಇಬ್ಬರ ಸಂವಾದ ಆರಂಭವಾಗಬೇಕು.

ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಮೂಡಣಕ್ಕೆ ಚಿಂಚೋಳಿಯ ಎಲೆಯುದುರುವ ಕಾಡು ಇದೆ. 2011ರಲ್ಲಿ ಅದು ವನ್ಯಜೀವಿಧಾಮವಾಯಿತು. ಅದನ್ನು ಕಾಯುವುದು ಕಾನೂನು, ದೇವರ ಆಣೆಯಲ್ಲ. ಬಸದಿಯ ಪ್ರಾಕಾರದ ಮರಕ್ಕೆ ಕಾವಲುಗಾರರು ನಾವೇ. ಜೀರ್ಣೋದ್ಧಾರದ ಉತ್ಸಾಹದಲ್ಲಿ ಶಹಾಬಾದ ಫರಸಿಯನ್ನು ಮರದ ಬುಡದವರೆಗೂ ಹಾಸಿ, ನೀರಿಳಿಯಲು ಒಂದು ಮೊಳ ಮಣ್ಣನ್ನೂ ಬಿಡದಿರುವ ರೂಢಿ (ಪಾದಗಳಿಗೆ ತಂಪೇನೋ ಹೌದು) ಯಾವ ಪ್ರಯೋಜನದ ಲೆಕ್ಕಕ್ಕೆ ಸೇರುವುದೋ, ಸಮಿತಿಗಳು ವಿಚಾರಿಸಬೇಕು.